ನವೀಕರಣದ ನಂತರ ಬೀಗ ಬಿದ್ದ ಟ್ಯಾಬ್

ಯಲಹಂಕದಲ್ಲಿ ಬಿ.ಎಸ್ಸಿ. ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಕಳೆದ ವರ್ಷ ಒಂದು ಭಾನುವಾರ ಹೆಬ್ಬಾಳದ ನಮ್ಮ ಮನೆಗೆ ಬಂದಳು. ಕೈಯಲ್ಲಿ ಅವಳ ಅಣ್ಣ ಬಳಸಿ ಕೊಟ್ಟಿದ್ದ ಟ್ಯಾಬ್ ಇತ್ತು. ಯಲಹಂಕ ಕೆರೆಯ ದಂಡೆಯಲ್ಲಿ ನೀರಿನ ಮತ್ತು ಗಾಳಿಯ ಉಷ್ಣತೆಯನ್ನು ಮೂರು ವಾರ ಪ್ರತಿದಿನ ಬೆಳಿಗ್ಗೆ ಅಳೆದು ಅದರಲ್ಲಿ ದಾಖಲಿಸಿದ್ದಳು. ತಮ್ಮ ಅದರಲ್ಲಿ ಆಟವಾಡುತ್ತಾನೆಂದು ಶುಕ್ರವಾರ ಪಿನ್ ಬದಲಾಯಿಸಿದಳು. ಆಮೇಲೆ ಬೆರಳಚ್ಚಿನಿಂದಲೇ ತೆರೆಯುತ್ತಿದ್ದಳು. ಶನಿವಾರ ರಾತ್ರಿ ತಂತ್ರಾಂಶದ ನವೀಕರಣ, ಅಂದರೆ ಅಪ್‌ಡೇಟ್, ನಡೆದು ಟ್ಯಾಬ್ ತಾನಾಗಿ ಮರುಚಾಲನೆಗೊಂಡಿತು. ಬೆಳಿಗ್ಗೆ ಅದು ಬೆರಳನ್ನು ಒಪ್ಪಲಿಲ್ಲ; ಪಿನ್ ಕೇಳಿತು. ಹೊಸ ಪಿನ್ ನೆನಪಿಗೆ ಬರಲಿಲ್ಲ.

"ಅಲಾರಂ ಮಾತ್ರ ಐದೂವರೆಗೆ ಸರಿಯಾಗಿ ಹೊಡೆಯಿತು ಸರ್. ಅಂದ ಮೇಲೆ ಒಳಗೆ ಎಲ್ಲ ಸರಿಯಾಗಿದೆ ಅಲ್ಲವೇ? ತೆರೆಯಲು ಏನಾದರೂ ದಾರಿ ಇದ್ದೇ ಇರಬೇಕು" ಎಂದಳು.

ಪ್ರಶ್ನೆ ಚೆನ್ನಾಗಿದೆ. ಉತ್ತರ ತಿಳಿಯಬೇಕಾದರೆ ಟ್ಯಾಬ್‌ನ 'ಬೀಗ' ಎಂದರೇನು ಎಂಬುದನ್ನು ಮೊದಲು ನೋಡಬೇಕು.

ಬೀಗವಲ್ಲ, ಗೂಢಲಿಪಿ

ಮನೆಯ ಬೀಗ ಒಡೆದರೆ ಒಳಗಿನ ಸಾಮಾನು ಇದ್ದಂತೆಯೇ ಸಿಗುತ್ತದೆ. ಟ್ಯಾಬ್ ಹಾಗಲ್ಲ. ಅದರಲ್ಲಿ ಬಾಗಿಲು ಮಾತ್ರವಲ್ಲ, ಒಳಗಿನ ದತ್ತಾಂಶವೇ ಗೂಢಲಿಪಿಯಲ್ಲಿರುತ್ತದೆ. ಅದನ್ನು ಮತ್ತೆ ಓದಬಲ್ಲ ರೂಪಕ್ಕೆ ತರಲು ಒಂದು ಕೀಲಿ ಬೇಕು. ಕೀಲಿ ಎಂದರೆ ಸಾಮಾನ್ಯವಾಗಿ 256 ಬಿಟ್‌ಗಳ, ಅಂದರೆ 256 ಸೊನ್ನೆ-ಒಂದುಗಳ, ಒಂದು ಸಂಖ್ಯೆ. ನಾವು ಒತ್ತುವ ಪಿನ್ ಮತ್ತು ಟ್ಯಾಬ್‌ನ ಚಿಪ್‌ನೊಳಗೆ ಹುದುಗಿರುವ ಒಂದು ರಹಸ್ಯ ಸಂಖ್ಯೆ, ಇವೆರಡೂ ಸೇರಿದಾಗ ಮಾತ್ರ ಈ ಕೀಲಿ ದೊರೆಯುತ್ತದೆ. ಆದ್ದರಿಂದ ಸ್ಮೃತಿಯ ಚಿಪ್ಪನ್ನು ಕಿತ್ತು ಬೇರೊಂದು ಯಂತ್ರಕ್ಕೆ ಜೋಡಿಸಿದರೂ ಪ್ರಯೋಜನವಿಲ್ಲ.

ಹಾಗಾದರೆ ಅಲಾರಂ ಹೇಗೆ ಹೊಡೆಯಿತು? ಆಂಡ್ರಾಯ್ಡ್‌ನ 7ನೆಯ ಆವೃತ್ತಿಯಲ್ಲಿ (2016) ಕಡತಗಳನ್ನು ಎರಡು ಭಾಗ ಮಾಡುವ ಏರ್ಪಾಡು ಬಂತು. ಅಲಾರಂನಂಥ ಅಗತ್ಯ ಕೆಲಸಗಳ ಕಡತಗಳು ಒಂದು ಭಾಗದಲ್ಲಿರುತ್ತವೆ. ಈ ಭಾಗದ ಕೀಲಿಗೆ ಪಿನ್ ಬೇಕಿಲ್ಲ. ಯಂತ್ರ ಚಾಲೂ ಆದರೆ ಸಾಕು. ಚಿತ್ರ, ಪತ್ರ, ಟಿಪ್ಪಣಿಗಳು ಇನ್ನೊಂದು ಭಾಗದಲ್ಲಿರುತ್ತವೆ. ಇದಕ್ಕೆ ಪಿನ್ ಬೇಕೇ ಬೇಕು. ಅಲಾರಂ ಹೊಡೆದದ್ದರಿಂದ ಮೊದಲ ಭಾಗ ತೆರೆದಿದೆ ಎಂದಷ್ಟೇ ತಿಳಿಯುತ್ತದೆ. ಉಷ್ಣತೆಯ ಅಂಕಿಗಳು ಎರಡನೆಯ ಭಾಗದಲ್ಲಿದ್ದವು.

ಬೆರಳಚ್ಚು ಏಕೆ ಸಾಲದು?

ಒಂದೇ ಬೆರಳನ್ನು ಎರಡು ಬಾರಿ ಇಟ್ಟರೆ ಎರಡು ಚಿತ್ರಗಳು ಪೂರ್ತಿ ಒಂದೇ ಆಗಿರುವುದಿಲ್ಲ. ಒತ್ತಡ, ಬೆವರು, ಓರೆ ಎಲ್ಲವೂ ತುಸು ಬದಲಾಗುತ್ತವೆ. ಆದ್ದರಿಂದ ಸಂವೇದಕವು 'ಸಾಕಷ್ಟು ಹೋಲುತ್ತದೆಯೇ?' ಎಂದು ಮಾತ್ರ ನೋಡುತ್ತದೆ. ಗೂಢಲಿಪಿಗೆ ಈ 'ಸಾಕಷ್ಟು' ಸಾಲದು. ಕೀಲಿಯಲ್ಲಿ ಒಂದೇ ಒಂದು ಬಿಟ್ ತಪ್ಪಿದರೂ ಹೊರಬರುವುದು ಅರ್ಥವಿಲ್ಲದ ಅಂಕಿಗಳ ರಾಶಿ.

ದಿನನಿತ್ಯ ಬೆರಳು ಕೆಲಸ ಮಾಡುವುದು ಹೀಗೆ: ಚಾಲೂ ಆದ ಮೇಲೆ ಒಮ್ಮೆ ನಾವು ಪಿನ್ ಒತ್ತುತ್ತೇವೆ. ಆಗ ಸಿದ್ಧವಾದ ಕೀಲಿ ಯಂತ್ರದೊಳಗೆ ತಾತ್ಕಾಲಿಕವಾಗಿ ಉಳಿಯುತ್ತದೆ. ಬೆರಳಚ್ಚು ಆ ಸಿದ್ಧ ಕೀಲಿಯನ್ನು ಬಳಸಲು ಅನುಮತಿ ಕೊಡುತ್ತದೆ, ಅಷ್ಟೇ. ಮರುಚಾಲನೆಯಾದಾಗ ತಾತ್ಕಾಲಿಕ ಸ್ಮೃತಿ ಬರಿದಾಗುತ್ತದೆ. ಅನುಮತಿ ಕೊಡಲು ಕೀಲಿಯೇ ಇರುವುದಿಲ್ಲ.

ನವೀಕರಣವು ಪಿನ್ ಅನ್ನು ಬದಲಿಸುವುದಿಲ್ಲ. ಅದು ಯಂತ್ರವನ್ನು ಮರುಚಾಲನೆ ಮಾಡುತ್ತದೆ. ನಾವು ಮರೆತದ್ದು ಆಗ ಬಯಲಿಗೆ ಬರುತ್ತದೆ.

ಎಲ್ಲ ಸಾಧ್ಯತೆಗಳನ್ನೂ ಪ್ರಯತ್ನಿಸಿದರೆ?

ನಾಲ್ಕು ಅಂಕಿಯ ಪಿನ್‌ಗೆ 10,000 ಸಾಧ್ಯತೆಗಳಿವೆ. ಸೆಕೆಂಡಿಗೆ ಒಂದರಂತೆ ಒತ್ತಿದರೆ ಮೂರು ಗಂಟೆಯೊಳಗೆ ಮುಗಿಯಬೇಕು. ಇದನ್ನು ತಡೆಯಲೆಂದೇ ಯಂತ್ರ ಕಾಯಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಬಹುಕಾಲ ಬಳಕೆಯಲ್ಲಿದ್ದ ವಿನ್ಯಾಸದಲ್ಲಿ ಐದು ತಪ್ಪುಗಳಾದರೆ 30 ಸೆಕೆಂಡು ಕಾಯಬೇಕು. 140 ತಪ್ಪುಗಳಾದ ಮೇಲೆ ಪ್ರತಿ ಯತ್ನಕ್ಕೆ ಒಂದು ದಿನ. ದಿನಕ್ಕೊಂದರಂತೆ 10,000 ಯತ್ನಗಳಿಗೆ 27 ವರ್ಷ ಹಿಡಿಯುತ್ತದೆ.

ಪಿನ್ ಬಿಟ್ಟು ನೇರವಾಗಿ 256 ಬಿಟ್‌ಗಳ ಕೀಲಿಯನ್ನೇ ಹುಡುಕಿದರೆ? ಇಲ್ಲಿ ಭೌತವಿಜ್ಞಾನ ಅಡ್ಡ ಬರುತ್ತದೆ. ಒಂದು ಬಿಟ್ ಮಾಹಿತಿಯನ್ನು ಅಳಿಸಲು ಕನಿಷ್ಠ ಇಷ್ಟು ಶಕ್ತಿ ಬೇಕೆಂದು ರಾಲ್ಫ್ ಲ್ಯಾಂಡವರ್ 1961ರಲ್ಲಿ ತೋರಿಸಿದರು. ಬೋಲ್ಟ್ಸ್‌ಮನ್ ಸ್ಥಿರಾಂಕ, ನಿರಪೇಕ್ಷ ಉಷ್ಣತೆ ಮತ್ತು 2ರ ಸ್ವಾಭಾವಿಕ ಲಘುಗಣಕ, ಇವುಗಳ ಗುಣಲಬ್ಧವೇ ಆ ಮಿತಿ. 300 ಕೆಲ್ವಿನ್‌ನಲ್ಲಿ ಇದು ಸುಮಾರು 2.9 × 10⁻²¹ ಜೂಲ್. ಸಾಧ್ಯವಿರುವ ಕೀಲಿಗಳು 2²⁵⁶, ಅಂದರೆ ಸುಮಾರು 1.2 × 10⁷⁷. ಒಂದು ಕೀಲಿಗೆ ಒಂದೇ ಬಿಟ್ ಅಳಿಸುತ್ತೇವೆಂದು ಉದಾರವಾಗಿ ಎಣಿಸಿದರೂ ಬೇಕಾಗುವ ಶಕ್ತಿ 3.3 × 10⁵⁶ ಜೂಲ್. ಸೂರ್ಯ ಹೊರಸೂಸುವುದು ಸೆಕೆಂಡಿಗೆ 3.8 × 10²⁶ ಜೂಲ್. ಸೂರ್ಯನ ಇಡೀ ಶಕ್ತಿಯನ್ನು ಹಿಡಿದಿಟ್ಟರೂ ಸುಮಾರು 3 × 10²² ವರ್ಷ ಬೇಕು. ವಿಶ್ವದ ವಯಸ್ಸು 1.38 × 10¹⁰ ವರ್ಷ ಮಾತ್ರ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಉಳಿದಿರುವ ದಾರಿಗಳು

ಮೊದಲನೆಯದು, ನಿಧಾನವಾಗಿ ನೆನಪಿಸಿಕೊಳ್ಳುವುದು. ಗಾಬರಿಯಿಂದ ಸಿಕ್ಕಿದ್ದನ್ನೆಲ್ಲ ಒತ್ತಿದರೆ ಕಾಯುವ ಅವಧಿ ಬೆಳೆಯುತ್ತದೆ. ಕೆಲವು ಯಂತ್ರಗಳು ಪೂರ್ತಿ ನಿಷ್ಕ್ರಿಯವಾಗುತ್ತವೆ. ಐಪ್ಯಾಡ್‌ನ 17ನೆಯ ಆವೃತ್ತಿಯ ತಂತ್ರಾಂಶದಿಂದ (2023) ಈಚೆಗೆ, ಬದಲಿಸಿದ 72 ಗಂಟೆಗಳೊಳಗೆ ಹಳೆಯ ಪಾಸ್‌ಕೋಡ್ ಕೊಟ್ಟು ಹೊಸದನ್ನು ಇಟ್ಟುಕೊಳ್ಳುವ ಅವಕಾಶವಿದೆ. ನಮ್ಮ ವಿದ್ಯಾರ್ಥಿನಿಯ ಟ್ಯಾಬ್‌ನಲ್ಲಿ ಅಂಥ ಸೌಲಭ್ಯವಿರಲಿಲ್ಲ.

ಎರಡನೆಯದು, ಫ್ಯಾಕ್ಟರಿ ರೀಸೆಟ್. ಇದರಲ್ಲಿ ಹಳೆಯ ಕೀಲಿ ನಾಶವಾಗುತ್ತದೆ, ಅದರೊಂದಿಗೆ ಒಳಗಿದ್ದ ದತ್ತಾಂಶವೂ ಶಾಶ್ವತವಾಗಿ ಹೋಗುತ್ತದೆ. ಖಾತೆಯ ಮೂಲಕ ಬೇರೆಡೆ ಬ್ಯಾಕಪ್ ಆಗಿದ್ದುದು ಮಾತ್ರ ಮರಳಿ ಬರುತ್ತದೆ.

ರೀಸೆಟ್ ಆದ ಮೇಲೂ ಇನ್ನೊಂದು ಬಾಗಿಲಿದೆ. ಕದ್ದ ಯಂತ್ರ ಕಳ್ಳನಿಗೆ ಉಪಯೋಗವಾಗಬಾರದೆಂದು ಐಪ್ಯಾಡ್, ಐಫೋನ್‌ಗಳಲ್ಲಿ 2013ರಿಂದ, ಆಂಡ್ರಾಯ್ಡ್‌ನಲ್ಲಿ 5.1ನೆಯ ಆವೃತ್ತಿಯಿಂದ (2015) ಹಿಂದಿನ ಖಾತೆಯನ್ನು ದೃಢಪಡಿಸಲು ಕೇಳುವ ವ್ಯವಸ್ಥೆ ಬಂದಿದೆ. ಈ ಬಾಗಿಲಿಗೆ ದಾರಿಯಿದೆ: ಖಾತೆಯ ಪಾಸ್‌ವರ್ಡ್ ಮರೆತಿದ್ದರೆ ನೋಂದಾಯಿಸಿದ ಮೊಬೈಲ್ ಸಂಖ್ಯೆ ಅಥವಾ ಇಮೇಲ್ ಮೂಲಕ ಪಡೆಯಬಹುದು. ದುಡ್ಡು ಕೊಟ್ಟರೆ ಪಿನ್ ಇಲ್ಲದೆ ದತ್ತಾಂಶವನ್ನೂ ಉಳಿಸಿಕೊಡುತ್ತೇವೆಂದು ಯಾರಾದರೂ ಹೇಳಿದರೆ ಮೇಲಿನ ಲೆಕ್ಕವನ್ನು ನೆನೆಯಿರಿ.

ನವೀಕರಣಕ್ಕೆ ಮುನ್ನ

2021ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ವಿತರಿಸುವ ಯೋಜನೆಗೆ ಚಾಲನೆ ನೀಡಿತು. ಅಂದು ಓದುತ್ತಿದ್ದವರು ಇಂದು ಉದ್ಯೋಗದ ವಯಸ್ಸಿನವರು. ಅಣ್ಣ-ಅಕ್ಕಂದಿರ ಯಂತ್ರ ತಮ್ಮ-ತಂಗಿಯರ ಕೈಗೆ ಬರುವುದು ನಮ್ಮ ಮನೆಗಳಲ್ಲಿ ಸಹಜ. ಹಾಗೆ ಕೊಡುವಾಗ ಹಳೆಯ ಖಾತೆಯನ್ನು ತೆಗೆದು ಕೊಡಬೇಕು. ಪ್ರಯೋಗದ ಅಂಕಿಗಳ ಇನ್ನೊಂದು ಪ್ರತಿ ಬೇರೆಡೆ ಇರಬೇಕು. ಪಿನ್ ಮತ್ತು ಖಾತೆಯ ವಿವರವನ್ನು ಕಾಗದದಲ್ಲಿ ಬರೆದು ಮನೆಯ ಕಾಗದಪತ್ರಗಳ ಜೊತೆ ಇಡಬೇಕು. ಟ್ಯಾಬ್‌ನ ಕವರಿನೊಳಗೆ ಬೇಡ. ಪಿನ್ ಬದಲಿಸಿದರೆ ಕೆಲವು ದಿನ ಬೆರಳು ಬಿಟ್ಟು ಪಿನ್ ಅನ್ನೇ ಒತ್ತಬೇಕು.

ಅಂದು ಸಂಜೆಯವರೆಗೂ ಪ್ರಯತ್ನಿಸಿದೆವು, ಪಿನ್ ನೆನಪಾಗಲಿಲ್ಲ. ಕೊನೆಗೆ ಅವಳ ಒಪ್ಪಿಗೆಯಿಂದ ರೀಸೆಟ್ ಮಾಡಿದೆವು. ಟ್ಯಾಬ್ ಅವಳ ಅಣ್ಣನ ಖಾತೆಯನ್ನು ಕೇಳಿತು. ಆತ ಪುಣೆಯಿಂದ ಫೋನಿನಲ್ಲಿ ಪಾಸ್‌ವರ್ಡ್ ಹೇಳಿದ ಮೇಲೆ ತೆರೆಯಿತು. ಮೂರು ವಾರದ ಅಂಕಿಗಳು ಮಾತ್ರ ಹೋದವು. ಆಕೆ ಮರುದಿನವೇ ಮತ್ತೆ ಅಳೆಯಲು ಆರಂಭಿಸಿದಳು. ಈ ಬಾರಿ ಅಂಕಿಗಳನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆದು ಆಮೇಲೆ ಟ್ಯಾಬ್‌ಗೆ ಏರಿಸುತ್ತಿದ್ದಳು.