ತಡವಾಗಿ ಹಣ ವಾಪಸು ಕೇಳಿದರೆ

ದೊಡ್ಡಬಳ್ಳಾಪುರದ ನೀವು ಹಳೆಯ ಬೈಕಿನ ಕಾರ್ಬುರೇಟರನ್ನು ಅಂತರ್ಜಾಲದ ಮೂಲಕ ಹೊಸಕೋಟೆಯವರೊಬ್ಬರಿಗೆ ಮಾರಿದ್ದೀರಿ ಎಂದಿಟ್ಟುಕೊಳ್ಳಿ. ಎರಡು ತಿಂಗಳ ಮೇಲೆ ಅವರು, "ಸರಿಯಿಲ್ಲ, ಹಣ ವಾಪಸು ಕೊಡಿ" ಎನ್ನುತ್ತಾರೆ. ಕೊಡಲೇಬೇಕೆ?

1930ರ ಸರಕು ಮಾರಾಟ ಕಾಯಿದೆಯ 42ನೇ ಕಲಮಿನಂತೆ, ಬೇಡವೆಂದು ತಿಳಿಸದೆ ಯುಕ್ತ ಕಾಲ ಮೀರಿ ಇಟ್ಟುಕೊಂಡವರು ಸರಕನ್ನು ಒಪ್ಪಿದಂತೆಯೇ. ಯುಕ್ತ ಕಾಲವೆಂದರೆ ಇಷ್ಟೇ ದಿನವೆಂದಿಲ್ಲ. ಅದು ಆಯಾ ಸಂದರ್ಭಕ್ಕೆ ಬಿಟ್ಟದ್ದು. ಆದರೆ 'ಸುಸ್ಥಿತಿಯಲ್ಲಿದೆ' ಎಂದು ಬರೆದು ನೀವು ಬಿರುಕನ್ನು ಮುಚ್ಚಿಟ್ಟಿದ್ದರೆ, ಒಪ್ಪಿದ ಮೇಲೂ ಅವರು ನಷ್ಟ ಪರಿಹಾರ ಕೇಳಬಹುದು.

ಆದ್ದರಿಂದ ಮೊದಲು ನಿಮ್ಮ ಜಾಹೀರಾತನ್ನೇ ಮತ್ತೊಮ್ಮೆ ಓದಿ. ಬಿಡಿಭಾಗದ ಫೋಟೋ ತರಿಸಿ, ನೀವು ಕಳಿಸಿದ್ದು ಅದೇ ಹೌದೇ ನೋಡಿ. ತಪ್ಪು ನಿಮ್ಮದಾದರೆ, ಭಾಗ ಕೈಸೇರಿದ ಮೇಲೆ ಹಣ ಹಿಂತಿರುಗಿಸಿ. ಅಲ್ಲವಾದರೆ ಕಾರಣ ತಿಳಿಸಿ, ನಯವಾಗಿ, ಬರವಣಿಗೆಯಲ್ಲೇ ಉತ್ತರಿಸಿ. ಬಾಯಿಮಾತಿಗೆ ಸಾಕ್ಷಿಯಿರುವುದಿಲ್ಲ.