ಏಸಿ ಹಚ್ಚಿದರೆ ಗಾಡಿ ನಡುಗುವುದೇಕೆ?



ಒಂಬತ್ತನೇ ಇಯತ್ತೆಯ ಹುಡುಗನೊಬ್ಬ ವಿಜ್ಞಾನದ ತಾಸು ಮುಗಿದ ಮೇಲೆ ಬಂದು ಕೇಳಿದ: “ಸರ್, ನಮ್ಮಪ್ಪನ ಬಾಡಿಗಿ ಗಾಡಿ ನಿಂತಾಗ ಏಸಿ ಹಚ್ಚಿದ್ರ ಗಡಗಡ ನಡಗತೈತ್ರಿ. ಬಂದ್ ಮಾಡಿದ್ರ ಸುಮ್ಮನಾಗತೈತಿ. ಗ್ಯಾರೇಜಿನವರು ಕಂಪ್ರೆಸರ್ ಹೋಗೈತಿ, ಹೊಸಾದು ಹಾಕಬೇಕು ಅಂದಾರ್ರಿ. ಖರೇನ ಅದರದೇ ತಪ್ಪೇನ್ರಿ?”

ಹೊಸ ಕಂಪ್ರೆಸರ್ ಅಂದರೆ ಸಾವಿರಾರು ರೂಪಾಯಿ. ಬಾಡಿಗೆ ಗಾಡಿಯ ದುಡಿಮೆಯಿಂದ ನಡೆಯುವ ಮನೆಗೆ ಅದು ಸಣ್ಣ ಮಾತಲ್ಲ. ಆದ್ದರಿಂದ ದುಡ್ಡು ಕೊಡುವ ಮೊದಲು, ಒಳಗೆ ಏನು ನಡೆಯುತ್ತದೆ ಎಂದು ತಿಳಿದುಕೊಳ್ಳೋಣ.

ನಿಂತ ಗಾಡಿಯ ಇಂಜಿನ್

ಗಾಡಿ ನಿಂತಿದ್ದು ಇಂಜಿನ್ ಮಾತ್ರ ಚಾಲೂ ಇದ್ದರೆ ಅದಕ್ಕೆ ಐಡ್ಲಿಂಗ್ ಎನ್ನುತ್ತಾರೆ. ಆಗ ಬಹಳಷ್ಟು ಪೆಟ್ರೋಲ್ ಕಾರುಗಳ ಇಂಜಿನ್ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗುತ್ತದೆ. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಒಂದೊಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ ಮಾತ್ರ ಪೆಟ್ರೋಲ್ ಉರಿಸಿ ನೂಕು ಕೊಡುತ್ತದೆ. ಲೆಕ್ಕ ಮಾಡಿ: 800 ಸುತ್ತು, 4 ಸಿಲಿಂಡರ್ ಇದ್ದರೆ 800 ÷ 2 × 4 = 1600. ಅಂದರೆ ಸೆಕೆಂಡಿಗೆ ಸುಮಾರು 27 ನೂಕು. ಸಿಲಿಂಡರ್ 3 ಇದ್ದರೆ ಸೆಕೆಂಡಿಗೆ 20 ಮಾತ್ರ. ಅದಕ್ಕೇ ಮೂರು ಸಿಲಿಂಡರಿನ ಗಾಡಿಗಳಲ್ಲಿ ಸ್ವಲ್ಪ ನಡುಕ ಸಹಜ.

ಈ ಸ್ಥಿತಿಯಲ್ಲಿ ಇಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಲು ಬೇಕಾದಷ್ಟೇ ಶಕ್ತಿ ಹುಟ್ಟಿಸುತ್ತಿರುತ್ತದೆ. ಹೆಚ್ಚಿಗೆ ಉಳಿಯುವುದು ಬಹಳ ಕಡಿಮೆ.

‘ಟಕ್’ ಎಂದಾಗ ಆಗುವುದೇನು?

ಏಸಿ ಗುಂಡಿ ಒತ್ತಿದರೆ ಬಹಳ ಗಾಡಿಗಳಲ್ಲಿ ಬಾನೆಟ್ ಒಳಗೆ ‘ಟಕ್’ ಎಂಬ ಸದ್ದು ಬರುತ್ತದೆ. ಅದು ವಿದ್ಯುತ್ಕಾಂತದ ಕೆಲಸ. ಬೆಲ್ಟಿನಿಂದ ಸುಮ್ಮನೆ ತಿರುಗುತ್ತಿದ್ದ ಗಾಲಿಯನ್ನು ಅದು ಕಂಪ್ರೆಸರಿಗೆ ಜೋಡಿಸುತ್ತದೆ. ಕಂಪ್ರೆಸರ್ ತಂಪು ಮಾಡುವ ಅನಿಲವನ್ನು ಒತ್ತಲು ಶುರು ಮಾಡುತ್ತದೆ. ಅದಕ್ಕೆ ಬೇಕಾದ ಶಕ್ತಿ ಇಂಜಿನ್ನಿನಿಂದಲೇ ಬರಬೇಕು; ತಂಪು ಗಾಳಿ ಪುಕ್ಕಟೆ ಸಿಗುವುದಿಲ್ಲ. ನಿಂತ ಗಾಡಿಯಲ್ಲೂ ಈ ಹೊರೆ ಒಂದೆರಡು ಕಿಲೋವಾಟ್ ಆಗಬಹುದು. ರಸ್ತೆಯಲ್ಲಿ ಜೋರಾಗಿ ಓಡುವ ಇಂಜಿನ್ನಿಗೆ ಇದು ಏನೂ ಅಲ್ಲ. ಐಡ್ಲಿಂಗ್‌ನಲ್ಲಿ ಇದೇ ದೊಡ್ಡ ಹೊರೆ.

ಇದು ಗೊತ್ತಿರುವುದರಿಂದಲೇ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಏಸಿ ಚಾಲೂ ಆದ ಕೂಡಲೇ ಸ್ವಲ್ಪ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್ ಬಿಡುತ್ತದೆ. ಒಂದು ಕ್ಷಣ ಮುಳ್ಳು ಅಲುಗಿ ಮತ್ತೆ ನೆಲೆಗೆ ಬರುತ್ತದೆ. ಅಷ್ಟು ಅಲುಗಿದರೆ ದೋಷವಲ್ಲ. ನಡುಕ ನಿಲ್ಲದಿದ್ದರೆ ಮಾತ್ರ ಹುಡುಕಬೇಕು.

ಸೈಕಲ್ ನೆನಪಿಸಿಕೊಳ್ಳಿ. ನಿಧಾನ ಹೋಗುವಾಗ ಗೆಳೆಯ ಡಬಲ್ ಸೀಟ್ ಹತ್ತಿದರೆ, ಗಟ್ಟಿಯಾಗಿರುವವನು ಜೋರಾಗಿ ತುಳಿದು ಸಾವರಿಸಿಕೊಳ್ಳುತ್ತಾನೆ. ಜ್ವರ ಬಂದವನಾದರೆ ಸೈಕಲ್ ಓಲಾಡುತ್ತದೆ. ತಪ್ಪು ಹಿಂದೆ ಕೂತವನದೋ? ಹೊರೆ ಕೆಲವು ಸಲ ದೋಷವನ್ನು ಹುಟ್ಟಿಸುವುದಿಲ್ಲ, ಇದ್ದ ದೋಷವನ್ನು ತೋರಿಸುತ್ತದೆ ಅಷ್ಟೇ.

ಒಂದೊಂದೇ ಬದಲಿಸಿ ನೋಡುವುದು

ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಇಂಜಿನ್ ಬಿಸಿಯಾದ ಮೇಲೆ ನೋಡಬೇಕು.

1. ಏಸಿ, ದೀಪ ಎಲ್ಲ ಬಂದ್. ಆಗಲೂ ನಡುಕವಿದ್ದರೆ ಮೂಲ ಕಾರಣ ಏಸಿ ಅಲ್ಲ. ಸ್ಪಾರ್ಕ್ ಪ್ಲಗ್ ಅಥವಾ ಕಾಯಿಲ್ ದುರ್ಬಲವಾಗಿ ಒಂದು ಸಿಲಿಂಡರ್ ಉರಿಯದೆ ಇರಬಹುದು. ಮೆಕ್ಯಾನಿಕರು ಇದಕ್ಕೆ ‘ಮಿಸ್ಸಿಂಗ್’ ಎನ್ನುತ್ತಾರೆ. ನಾಲ್ಕರಲ್ಲಿ ಒಂದು ಹೋದರೆ ನೂಕಿನಲ್ಲಿ 25% ಹೋಯಿತು.

2. ಏಸಿ ಬಂದ್ ಇಟ್ಟು ಹೆಡ್‌ಲೈಟ್ ಹಾಕಿ, ಬ್ಲೋವರ್ ಪೂರ್ತಿ ತಿರುಗಿಸಿ. ಇವು ಆಲ್ಟರ್ನೇಟರ್ ಮೂಲಕ ಇಂಜಿನ್ನಿಗೆ ಸಣ್ಣ ಹೊರೆ. ಇಷ್ಟಕ್ಕೂ ನಡುಗಿದರೆ ಯಾವ ಹೊರೆಯನ್ನೂ ತಡೆಯದ ಇಂಜಿನ್ ಅದು ಎಂದಾಯಿತು.

3. ಏಸಿ ಹಚ್ಚಿ ಆರ್‌ಪಿಎಂ ಮುಳ್ಳು ನೋಡಿ. ಕೆಳಗೆ ಬಿದ್ದು ಮೇಲೇಳದಿದ್ದರೆ, ಗಾಳಿ ಬಿಡುವ ಥ್ರಾಟಲ್‌ನಲ್ಲಿ ಕಾರ್ಬನ್ ಕೂತಿರಬಹುದು, ಇಲ್ಲವೇ ಗಾಳಿಯ ಪೈಪು ಎಲ್ಲೋ ಸೀಳಿರಬಹುದು. ಮುಳ್ಳು ಸ್ಥಿರವಾಗಿದ್ದು ಸೀಟು, ಸ್ಟೇರಿಂಗ್ ಮಾತ್ರ ನಡುಗಿದರೆ ಇಂಜಿನ್ ಕೂತಿರುವ ರಬ್ಬರಿನ ಮೌಂಟಿಂಗ್ ಸವೆದಿರಬಹುದು.

4. ನಿಂತಾಗ ತಂಪು ಕಡಿಮೆ, ಓಡುವಾಗ ಸರಿ ಎಂದರೆ ಮುಂದಿನ ಕಂಡೆನ್ಸರಿನಲ್ಲಿ ಧೂಳು ತುಂಬಿರಬಹುದು ಅಥವಾ ಅದರ ಫ್ಯಾನ್ ತಿರುಗುತ್ತಿರಲಿಕ್ಕಿಲ್ಲ. ಶಾಖ ಹೊರಹೋಗದೆ ಅನಿಲದ ಒತ್ತಡ ಏರುತ್ತದೆ, ಹೊರೆಯೂ ಏರುತ್ತದೆ.

5. ‘ಟಕ್’ ಎಂದ ಕೂಡಲೇ ಗರಗರ ಸದ್ದು, ಬೆಲ್ಟಿನ ಕಿರುಚಾಟ ಶುರುವಾದರೆ ಆಗ ಕಂಪ್ರೆಸರ್ ಮೇಲೆ ಸಂಶಯ ಪಡಬೇಕು.

ಎಚ್ಚರಿಕೆ: ಇದನ್ನು ಮನೆಯ ಹಿರಿಯರೇ ಮಾಡಬೇಕು, ನೀವು ಬರೆದುಕೊಳ್ಳಿ. ಗಾಡಿ ಬಯಲಲ್ಲಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮುಚ್ಚಿದ ಶೆಡ್ಡಿನಲ್ಲಿ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ಫ್ಯಾನ್ ತಾನಾಗಿಯೇ ತಿರುಗತೊಡಗುತ್ತದೆ. ಕೈ, ಓಢಣಿ ದೂರವಿರಲಿ. ಏಸಿಯ ಅನಿಲದ ಪೈಪು ಎಂದೂ ಬಿಚ್ಚಬೇಡಿ.

ಆ ಹುಡುಗ ಅಪ್ಪನ ಜೊತೆ ಕೂತು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ತಂದ. ದೀಪ, ಬ್ಲೋವರ್ ಹಾಕಿದಾಗಲೇ ಸಣ್ಣ ನಡುಕ. ಏಸಿ ಹಚ್ಚಿದಾಗ ಮುಳ್ಳು 800ರಿಂದ 550ಕ್ಕೆ ಬಿದ್ದು ಅಲ್ಲೇ ನಿಂತಿತ್ತು. ಗರಗರ ಸದ್ದು ಇರಲಿಲ್ಲ. ಹಾಳೆ ತೋರಿಸಿದ ಮೇಲೆ ಗ್ಯಾರೇಜಿನಲ್ಲಿ ಥ್ರಾಟಲ್ ಬಿಚ್ಚಿದರು. ಒಳಗೆ ಕಪ್ಪು ಕಾರ್ಬನ್ ಕೂತಿತ್ತು. ಅದನ್ನು ತೊಳೆದ ಮೇಲೆ ನಡುಕ ನಿಂತಿತು. ಹಳೆಯ ಕಂಪ್ರೆಸರೇ ಈಗಲೂ ತಂಪು ಕೊಡುತ್ತಿದೆ.

ನಿಮಗೊಂದು ಲೆಕ್ಕ: 3 ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುತ್ತಿದೆ. ಸೆಕೆಂಡಿಗೆ ಎಷ್ಟು ನೂಕು? ಒಂದು ಸಿಲಿಂಡರ್ ಮಿಸ್ಸಿಂಗ್ ಆದರೆ ಎಷ್ಟು ಉಳಿಯುತ್ತದೆ? ಅದೇ ದೋಷ 4 ಸಿಲಿಂಡರಿನ ಗಾಡಿಗಿಂತ ಇಲ್ಲಿ ಹೆಚ್ಚು ನಡುಗಿಸುವುದೇಕೆ? ನೋಟಬುಕ್ಕಿನಲ್ಲಿ ಬಿಡಿಸಿ, ನಿಮ್ಮ ಗುರುಗಳಿಗೆ ತೋರಿಸಿ.