ಸೊಗಡು, ಪತಂಗ ಮತ್ತು ವಂಶವಾಹಿ: ಕಾಯಿಕೊರಕದ ಸಂತಾನಕ್ರಿಯೆಯಲ್ಲಿ ವಾಸನೆಯ ಪಾತ್ರ

ಜಾನಪದ ವಿಮರ್ಶೆಯಲ್ಲಿ ‘ನೆಲದ ಸೊಗಡು’ ಎಂಬ ಮಾತು ಅತಿಯಾಗಿ ಬಳಕೆಯಾಗಿದೆ. ಆದರೆ ಸೊಗಡು ಮೂಲತಃ ರೂಪಕವಲ್ಲ, ಅದೊಂದು ವಾಸನೆ. ಚಳಿಗಾಲದಲ್ಲಿ ಮಾಗಡಿ, ಕೋಲಾರ ಸೀಮೆಯ ಅವರೆಕಾಯಿಯನ್ನು ಮುಟ್ಟಿದಾಗ ಕೈಗೆ ಅಂಟುವ ಜಿಡ್ಡಿನ ಪರಿಮಳವೇ ಸೊಗಡು. ಅದೇ ಕಾಯಿಯನ್ನು ಸುಲಿಯುವಾಗ ಒಳಗೊಂದು ಹುಳು ಕಾಣಿಸುವುದೂ ನಮ್ಮೆಲ್ಲರ ಅನುಭವ. ಅವರೆ, ತೊಗರಿ, ಕಡಲೆ, ಹತ್ತಿ, ಟೊಮ್ಯಾಟೊ ಬೆಳೆಗಳನ್ನು ಕಾಡುವ ಇಂತಹ ಕಾಯಿಕೊರಕಗಳಲ್ಲಿ ಪ್ರಮುಖವಾದುದನ್ನು ವಿಜ್ಞಾನವು ಹೆಲಿಕೋವರ್ಪಾ ಆರ್ಮಿಜೆರಾ ಎಂದು ಗುರುತಿಸುತ್ತದೆ. ಈ ಕೀಟದ ಸಂತಾನವು ವಾಸನೆಯನ್ನು ಗ್ರಹಿಸುವ ವಂಶವಾಹಿಗಳನ್ನು ಹೇಗೆ ಅವಲಂಬಿಸಿದೆ, ರೈತನ ತಿಳಿವಳಿಕೆಗೂ ಇದಕ್ಕೂ ಇರುವ ನಂಟೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರೇಷ್ಮೆ ಬಿತ್ತನೆ ಕೋಠಿಗಳನ್ನು ಕಂಡವರಿಗೆ ಒಂದು ದೃಶ್ಯ ಪರಿಚಿತ. ಗೂಡಿನಿಂದ ಹೊರಬಂದ ಗಂಡು ಪತಂಗವು ಹಾರಲಾರದಿದ್ದರೂ ರೆಕ್ಕೆ ಬಡಿಯುತ್ತ ಹೆಣ್ಣಿನತ್ತ ಸಾಗುತ್ತದೆ. ಅದನ್ನು ಸೆಳೆಯುವ ವಸ್ತುವನ್ನು ಜರ್ಮನಿಯ ಅಡಾಲ್ಫ್ ಬ್ಯೂಟನಾಂಟ್ ಅವರು 1959ರಲ್ಲಿ ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಪತಂಗಗಳಿಂದ ಬೇರ್ಪಡಿಸಿ ‘ಬಾಂಬಿಕಾಲ್’ ಎಂದು ಹೆಸರಿಸಿದರು. ಫೆರೋಮೋನ್ ಎಂಬ ವರ್ಗದಲ್ಲಿ ರಾಸಾಯನಿಕವಾಗಿ ಗುರುತಿಸಲಾದ ಮೊದಲ ವಸ್ತು ಇದೇ. ವಾಸನೆಯನ್ನು ಹಿಡಿಯುವ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಸಸ್ತನಿಗಳಲ್ಲಿ ಪತ್ತೆಹಚ್ಚಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರ ನೊಬೆಲ್ ಪ್ರಶಸ್ತಿ ಸಂದಿತು. 1999ರಲ್ಲಿ ಹಣ್ಣಿನ ನೊಣದಲ್ಲಿಯೂ ಇಂತಹ ವಂಶವಾಹಿಗಳು ಕಂಡುಬಂದವು. ಕೀಟದ ಕುಡಿಮೀಸೆಯ ನರಕೋಶಗಳಲ್ಲಿ ಗ್ರಾಹಕವು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ‘ಆರ್ಕೋ’ ಎಂಬ ಸಹಗ್ರಾಹಕದೊಡನೆ ಕೂಡಿದಾಗಲೇ ಅದು ವಾಸನೆಗೆ ಸ್ಪಂದಿಸುತ್ತದೆ. ಆರ್ಕೋ ವಂಶವಾಹಿ ಕೆಟ್ಟ ಗಂಡು ಪತಂಗಕ್ಕೆ ಹೆಣ್ಣಿನ ಕರೆ ತಲುಪುವುದೇ ಇಲ್ಲ.

ಕಾಯಿಕೊರಕದ ಹೆಣ್ಣು ರಾತ್ರಿಯ ವೇಳೆ ಹೊಟ್ಟೆಯ ತುದಿಯ ಗ್ರಂಥಿಯಿಂದ ಹಲವು ವಸ್ತುಗಳ ಮಿಶ್ರಣವನ್ನು ಗಾಳಿಗೆ ಬಿಡುತ್ತದೆ. ಅದರ ಪ್ರಧಾನ ವಸ್ತುವನ್ನು ಗಂಡಿನ ‘ಓಆರ್ 13’ ಎಂಬ ಗ್ರಾಹಕ ಗುರುತಿಸುತ್ತದೆ. ಇದಕ್ಕಿಂತ ಸ್ವಾರಸ್ಯಕರವಾದುದು ‘ಓಆರ್ 16’ರ ಪಾತ್ರ. ಇನ್ನೂ ಪ್ರೌಢವಾಗದ ಹೆಣ್ಣು ಹೊರಸೂಸುವ ಮತ್ತೊಂದು ವಸ್ತು ಗಂಡನ್ನು ದೂರವಿಡುತ್ತದೆ; ಅದನ್ನು ಗ್ರಹಿಸುವುದು ಈ ಗ್ರಾಹಕ. ಚೀನಾದ ವಿಜ್ಞಾನಿಗಳು ಈ ವಂಶವಾಹಿಯನ್ನು ಕೆಡಿಸಿ ನಡೆಸಿದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ವಂಶವಾಹಿ ಕೆಟ್ಟ ಗಂಡುಗಳು ಅಪ್ರೌಢ ಹೆಣ್ಣುಗಳೊಡನೆಯೂ ಕೂಡಿದವು. ಆದರೆ ಹಾಗೆ ಇಟ್ಟ ಮೊಟ್ಟೆಗಳಲ್ಲಿ ಫಲಿಸಿದವುಗಳ ಸಂಖ್ಯೆ ಬಹಳ ಕಡಿಮೆಯಾಗಿತ್ತು. ಅಂದರೆ ವಾಸನೆಯ ವಂಶವಾಹಿಯು ಕೂಡಲು ಪ್ರೇರೇಪಿಸುವುದಷ್ಟೇ ಅಲ್ಲ, ಕಾಯಲೂ ಕಲಿಸುತ್ತದೆ. ಸಂತಾನಕ್ಕೆ ಜೋಡಿಯಷ್ಟೇ ಕಾಲವೂ ಮುಖ್ಯ.

ಕೂಡಿದ ನಂತರ ಹೆಣ್ಣಿಗೆ ಬೇಕಾಗುವುದು ಸ್ಥಳ. ಹೂಬಿಡುವ ಹಂತದ ಗಿಡಗಳನ್ನು ಅದು ಬಹುಮಟ್ಟಿಗೆ ವಾಸನೆಯಿಂದಲೇ ಅರಸಿ ಮೊಟ್ಟೆ ಇಡುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು 16 ಸಾಲು ಟೊಮ್ಯಾಟೊಗೆ 1 ಸಾಲು ಚೆಂಡುಹೂ ನೆಡಲು ಸೂಚಿಸಿದ್ದು ಈ ಸ್ವಭಾವವನ್ನು ಬಳಸಿಕೊಂಡೇ. ಚೆಂಡುಹೂವಿಗೆ ಮನಸೋತ ಪತಂಗ ಅಲ್ಲಿ ಮೊಟ್ಟೆ ಇಟ್ಟರೆ ಟೊಮ್ಯಾಟೊಗೆ ತಗಲುವ ಪೀಡೆ ಕಡಿಮೆಯಾಗುತ್ತದೆ. ಇಲ್ಲಿಯೂ ಕಾಲ ಮುಖ್ಯ. ಎರಡೂ ಒಟ್ಟಿಗೆ ಹೂಬಿಡಲೆಂದು ಸುಮಾರು 45 ದಿನದ ಚೆಂಡುಹೂ ಸಸಿಯನ್ನು 25 ದಿನದ ಟೊಮ್ಯಾಟೊ ಸಸಿಯೊಡನೆ ನಾಟಿ ಮಾಡಬೇಕು.

ಈ ತಿಳಿವಳಿಕೆಯ ಅಗತ್ಯ ಕೇವಲ ಶಾಸ್ತ್ರೀಯವಾದುದಲ್ಲ. ಕಾಯಿಕೊರಕವು ಅನೇಕ ಕೀಟನಾಶಕಗಳನ್ನು ಜೀರ್ಣಿಸಿಕೊಳ್ಳುವ ಶಕ್ತಿ ಪಡೆದಿದೆ. ಕಾಲವರಿಯದೆ ಸಿಂಪಡಿಸಿದ ವಿಷಕ್ಕೆ ಹುಳು ಸಾಯದೆ ಸಾಲ ಮಾತ್ರ ಬೆಳೆದುದನ್ನು ನಮ್ಮ ತೊಗರಿ, ಹತ್ತಿ ಸೀಮೆಗಳು ಕಂಡಿವೆ. ಹೊಲದಲ್ಲಿ ನೆಡುವ ಮೋಹಕ ಬಲೆಯ ಬಗೆಗೂ ಒಂದು ತಪ್ಪು ಕಲ್ಪನೆಯಿದೆ. ಅದರಲ್ಲಿ ಬೀಳುವುದು ಗಂಡು ಪತಂಗ ಮಾತ್ರ. ಉಳಿದ ಗಂಡುಗಳು ಹಲವು ಹೆಣ್ಣುಗಳೊಡನೆ ಕೂಡಬಲ್ಲವು. ಆದ್ದರಿಂದ ಹೆಕ್ಟೇರಿಗೆ 5ರಂತೆ ನೆಟ್ಟ ಬಲೆಗಳು ಹುಳುವನ್ನು ನಿರ್ಮೂಲ ಮಾಡಲಾರವು. ಮೊಟ್ಟೆಯ ಕಾಲ ಸಮೀಪಿಸಿತೆಂದು ಎಚ್ಚರಿಸುವುದೇ ಅವುಗಳ ಮುಖ್ಯ ಕೆಲಸ.

ಮಳೆನಕ್ಷತ್ರ ನೋಡಿ ಬಿತ್ತುವ, ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಹಾಕುವ, ಕಲಬುರಗಿ ಸೀಮೆಯಲ್ಲಿ ತೊಗರಿ ಗಿಡವನ್ನು ಅಲುಗಿಸಿ ಹುಳು ಉದುರಿಸಿ ಆರಿಸುವ ಕ್ರಮಗಳು ಕೂಡ ಕಾಲ ಮತ್ತು ಸ್ಥಳಗಳ ಲೆಕ್ಕಾಚಾರವೇ ಆಗಿವೆ. ಹಾಗೆಂದು ನಮ್ಮ ಹಿರಿಯರಿಗೆ ವಂಶವಾಹಿಯ ಅರಿವಿತ್ತೆಂದು ಸಾಧಿಸಹೊರಡುವುದು ಜಾನಪದಕ್ಕೆ ಗೌರವ ತರುವ ಮಾತಲ್ಲ. ಅವರು ಬಲ್ಲದ್ದು ವಾಸನೆಯ ಅಣುವನ್ನಲ್ಲ. ಯಾವ ಬೆಳೆ ಯಾವುದರ ಪಕ್ಕದಲ್ಲಿರಬೇಕು, ಯಾವ ತಿಂಗಳಲ್ಲಿ ಕಣ್ಣಿಡಬೇಕು ಎಂಬುದನ್ನು. ಒಂಟಿ ಬೆಳೆಯ ಹೊಲಗಳು ಹೆಚ್ಚಿದಂತೆ ಈ ವಿವರಗಳು ಮರೆಯಾಗುತ್ತಿವೆ. ಹಾಡು, ಕಥೆಗಳನ್ನು ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ಇವುಗಳನ್ನೂ ಊರು, ಬೆಳೆ, ತಿಂಗಳುಗಳ ಸಮೇತ ದಾಖಲಿಸಿ ಕೀಟಶಾಸ್ತ್ರಜ್ಞರ ಪರೀಕ್ಷೆಗೆ ಒಪ್ಪಿಸುವುದು ಜಾನಪದ ವಿದ್ವಾಂಸರ ಹೊಣೆಯಾಗಿದೆ. ಆ ಪರೀಕ್ಷೆಯಲ್ಲಿ ಕೆಲವು ಸೋಲಬಹುದು. ಗೆದ್ದವು ಹೊಲಕ್ಕೆ ಮರಳುತ್ತವೆ.